ನಲವತ್ತೊಂದು ಹಸಿರು ಟೆಸ್ಟುಗಳು

೧

ಎಲ್ಲಿಂದ ಶುರು ಮಾಡಲಿ? ಪರದೆಯ ಕೆಂಪು ಅಕ್ಷರಗಳಿಂದ ಶುರು ಮಾಡಿದರೆ ನೀವು ಪತ್ತೇದಾರಿ ಕಥೆ ಎಂದುಕೊಳ್ಳುತ್ತೀರಿ. ಅವಳ ತಣ್ಣಗಾದ ಚಹಾದಿಂದ ಶುರುವಾಗಿದ್ದ ಪ್ರತಿಯನ್ನು ಬೆಳಿಗ್ಗೆಯೇ ಹರಿದು ಹಾಕಿದ್ದೇನೆ. (ಕಂಪ್ಯೂಟರಿನಲ್ಲಿ ಬರೆದದ್ದನ್ನು ಹರಿಯುವುದು ಹೇಗೆ ಎಂದು ಕೇಳಬೇಡಿ. ಕಥೆಗಾರರಿಗೆ ಅಷ್ಟು ಸಲಿಗೆ ಇರಲಿ.)

ಹೋಗಲಿ, ವಿಷಯಕ್ಕೆ ಬರುತ್ತೇನೆ. ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಪಂಪೊಂದಿದೆ. ಅದರ ಸಾಫ್ಟ್‌ವೇರ್ ಪರೀಕ್ಷಿಸುವವಳು ಇವಳು. ಇವಳ ಸಹಿಯಿಲ್ಲದೆ ಹೊಸ ಆವೃತ್ತಿ ಹೊರಬೀಳುವಂತಿಲ್ಲ. ಸಂಜೆ ನಾಲ್ಕಕ್ಕೆ ಹೊರಬೀಳಬೇಕು. ಈಗ ಎರಡೂವರೆ, ಹೊಸದಾಗಿ ಸೇರಿಸಿದ ಒಂದು ಟೆಸ್ಟ್ ಫೇಲಾಗಿದೆ.

೨

ಅದು ಅವಳ ಲ್ಯಾಪ್‌ಟಾಪಿನಲ್ಲಿ ಪಾಸು, ಸರ್ವರಿನಲ್ಲಿ ಮಾತ್ರ ಫೇಲು. ಕೋಡನ್ನೆಲ್ಲ ಜಾಲಾಡಿದಳು, ಟೆಸ್ಟ್ ಬರೆದ ಪಕ್ಕದ ಸೀಟಿನ ಗೆಳತಿಯ ಮೇಲೆ ರೇಗಿದಳು, ಆಮೇಲೆ ಸರ್ವರ್ ಬರೆದಿಟ್ಟ ಲಾಗ್‌ನ ಕೊನೇ ಸಾಲು ಓದಿದಳು. (ಮೊದಲೇ ಓದಬಹುದಿತ್ತು. ಆಗ ನನಗೆ ಈ ಪ್ಯಾರಾ ಸಿಗುತ್ತಿರಲಿಲ್ಲ.) ದಶಮಾಂಶದ ಲೆಕ್ಕ ಮಾಡುವ ಪುಟ್ಟ ಪ್ರೋಗ್ರಾಂ ಒಂದು ಸರ್ವರಿನಲ್ಲಿ ಇರಲೇ ಇಲ್ಲ. ಔಷಧಿಯ ಪ್ರಮಾಣವನ್ನು ತಾಳೆ ನೋಡಲು ಟೆಸ್ಟುಗಳು ಅದನ್ನೇ ನೆಚ್ಚಿಕೊಂಡಿದ್ದವು. ಎಂಟು ತಿಂಗಳ ಹಿಂದೆ ಸರ್ವರನ್ನು ಹಗುರ ಮಾಡುವಾಗ ಯಾರೋ ಅದನ್ನು ಕಿತ್ತು ಬಿಸಾಕಿದ್ದರು.

ಅದನ್ನು ವಾಪಸ್ ಹಾಕಿಕೊಂಡರೆ ಕಥೆ ಮುಗಿಯಿತು. ನಾನು ಮುಗಿಸಿಯೂ ಇದ್ದೆ. ಅವಳು ಬಿಡಲಿಲ್ಲ. ಇದೇ ಲೆಕ್ಕ ಬೇಕಾದ ಇನ್ನೂ ನಲವತ್ತೊಂದು ಟೆಸ್ಟುಗಳಿವೆಯಲ್ಲ, ಅವು ಎಂಟು ತಿಂಗಳಿಂದ ಹೇಗೆ ಪಾಸಾಗುತ್ತಿವೆ ಎಂದು ಕೇಳಿದಳು.

೨ (ತಿದ್ದಿದ್ದು)

ಪಾಸಾಗುತ್ತಿರಲಿಲ್ಲ, ಓಡುತ್ತಲೇ ಇರಲಿಲ್ಲ. 'ಆ ಪ್ರೋಗ್ರಾಂ ಸಿಗದಿದ್ದರೆ ಈ ಟೆಸ್ಟ್ ಬಿಟ್ಟುಬಿಡು' ಎಂಬ ಸಾಲು ಪ್ರತಿಯೊಂದರ ಆರಂಭದಲ್ಲೂ ಕೂತಿತ್ತು. ಗೆಳತಿಯ ಹೊಸ ಟೆಸ್ಟಿನಲ್ಲಿ ಮಾತ್ರ ಅದಿರಲಿಲ್ಲ. ಬಿಟ್ಟದ್ದನ್ನೂ ಪರದೆ ಹಸಿರಾಗಿಯೇ ತೋರಿಸುತ್ತಿತ್ತು. ಆ ಸಾಲು ಬರೆದವರು ಯಾರೆಂದು ಹುಡುಕಿದರೆ ಅವಳ ಹೆಸರೇ ಬಂತು. ಆ ಪ್ರೋಗ್ರಾಂ ಕಿತ್ತ ದಿನಗಳಲ್ಲಿ ರಿಲೀಸಿನ ಗಡಿಬಿಡಿ. ಆಮೇಲೆ ಸರಿಮಾಡೋಣ ಎಂದುಕೊಂಡು ಮರೆತಿದ್ದಳು. ಅಲ್ಲಿಂದೀಚೆಗೆ ಏಳು ಆವೃತ್ತಿಗಳಿಗೆ ಸಹಿ ಹಾಕಿದ್ದಳು.

೩

ಇಲ್ಲಿ ನನಗೊಂದು ದುರಾಸೆ ಹುಟ್ಟಿತು. ಅವಳ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ, ಅದೇ ಪಂಪನ್ನು ಪಕ್ಕದಲ್ಲಿಟ್ಟರೆ ಹೇಗೆ?

"ನಮ್ಮಪ್ಪ ಚೆನ್ನಾಗಿದ್ದಾರೆ, ಅವರ ತಂಟೆಗೆ ಬರಬೇಡಿ," ಎಂದಳು. "ಅಲ್ಲಿ ಮಲಗಿರೋರು ಬೇರೆ ಯಾರದೋ ಅಪ್ಪ ಆದ್ರೆ ಸಾಲಲ್ವಾ ನಿಮಗೆ?"

ಬರೆದದ್ದನ್ನು ಅಳಿಸಿದೆ. (ಅಳಿಸಿದ ಪ್ಯಾರಾ ಚೆನ್ನಾಗಿತ್ತು, ಅದು ಬೇರೆ ಮಾತು.)

೪

ಅಂತ್ಯ ಒಂದು: ಸದ್ದಿಲ್ಲದೆ ಎಲ್ಲ ಸರಿಪಡಿಸಿ ಸಹಿ ಹಾಕುತ್ತಾಳೆ. ಟೀಮ್ ಲೀಡ್‌ಗೆ ಇದೇ ಇಷ್ಟ. ಕುರ್ಚಿ ಎಳೆದುಕೊಂಡು ಬಂದು, ಹಳೆಯದನ್ನೆಲ್ಲ ಯಾಕೆ ಕೆದಕಬೇಕು ಎಂದು ಮೆಲ್ಲಗೆ ಕೇಳಿದ.

ಅಂತ್ಯ ಎರಡು: ನಲವತ್ತೊಂದರಲ್ಲಿ ಒಂದು ಟೆಸ್ಟ್ ಫೇಲಾಗುತ್ತದೆ, ಆಸ್ಪತ್ರೆಗಳಿಂದ ಫೋನುಗಳು ಹೊಡೆದುಕೊಳ್ಳುತ್ತವೆ. ಇದು ನನಗಿಷ್ಟ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಇಷ್ಟ.

ಅವಳು ಎರಡನ್ನೂ ಒಪ್ಪಲಿಲ್ಲ. ಪ್ರೋಗ್ರಾಂ ಹಾಕಿದಳು, ತನ್ನ ಸಾಲನ್ನು ಅಳಿಸಿದಳು, ಟೆಸ್ಟುಗಳನ್ನು ಓಡಿಸಿದಳು. ಅವು ಓಡುತ್ತಿರುವಾಗಲೇ ಮೇಲ್ ಬರೆಯತೊಡಗಿದಳು: ಹಿಂದಿನ ಏಳೂ ಸಹಿಗಳನ್ನು ವಾಪಸ್ ಪಡೆಯುತ್ತಿದ್ದೇನೆ, ತಪ್ಪು ನನ್ನದು, ಪಂಪ್ ಇರುವ ಪ್ರತಿ ಆಸ್ಪತ್ರೆಗೂ ತಿಳಿಸಬೇಕು.

ಒಂಬತ್ತು ಟೆಸ್ಟುಗಳು ಪಾಸಾದವು.

"ಸ್ವಲ್ಪ ತಡೀರಿ," ಎಂದ ಲೀಡ್. "ಎಲ್ಲಾ ಪಾಸಾದ್ರೆ ಇದನ್ನ ಕಳಿಸೋದೇ ಬೇಡ್ವಲ್ಲ."

ನಾನೂ ಅದನ್ನೇ ಹೇಳುವವನಿದ್ದೆ. ನಿಮಗೂ ಫಲಿತಾಂಶ ಬೇಕು, ಗೊತ್ತು. ನೋಡೋಣವೆಂದು ಪರದೆಯತ್ತ ಬಗ್ಗಿದೆ.

"ಪಾಸಾದ್ರೂ, ನಾನು ನೋಡದೇನೆ ಸಹಿ ಹಾಕಿದ್ದು ಹಾಕಿದ್ದೇ," ಎಂದು ಅವಳು ಸೆಂಡ್ ಒತ್ತಿದಳು. ಹತ್ತನೆಯ ಟೆಸ್ಟ್ ಇನ್ನೂ ಓಡುತ್ತಿತ್ತು.