ಕುಲುಮೆಯ ಕಿಟಕಿ

ಸೇವಾ ಸಂಘವೊಂದರವರು ಮಣಿಕೊಂಡ ಊರಿನ ಕುಲುಮೆಗೆ ದೊಡ್ಡ ಕಿಟಕಿ ಇಡಿಸಿ, ಫೋಟೊ ತೆಗೆಸಿಕೊಂಡು ಹೋದರು. ಹೊಗೆ ಹೊರಗೆ ಹೋಗಿ, ಬೆಂಕಿಗೆ ಗಾಳಿ ಊದುವ ತಿದಿ ಒತ್ತುವ ಗದಿಗೆಮ್ಮನ ಕೆಮ್ಮು ಇಳಿಯಿತು. ಆದರೆ ಅವಳ ಗಂಡ ಬೂದೆಪ್ಪ ಹದ ಕೊಟ್ಟ ಉಳಿಗಳು ಮುರಿಯತೊಡಗಿದವು. ಹದ ತಿಳಿಯುವುದು ಕಾದ ಕಬ್ಬಿಣದ ಬಣ್ಣದಿಂದ, ಆ ಬಣ್ಣ ಮಬ್ಬಿನಲ್ಲಷ್ಟೇ ಸರಿಯಾಗಿ ಕಾಣುತ್ತದೆ; ಕಿಟಕಿಯ ಬಿಸಿಲಲ್ಲಿ ಅವನ ಕಣ್ಣು ಮೋಸಹೋಗುತ್ತಿತ್ತು. ಕಲ್ಲು ಒಡೆಯುವವರು ಮುರಿದ ಉಳಿಗಳನ್ನು ಅವನ ಮುಂದೆ ಎಸೆದು ಬೇರೆ ಕಡೆ ಹೋದರು.

ಒಂದು ದಿನ ಬೂದೆಪ್ಪ ಕುಲುಮೆಗೆ ಬಂದಾಗ ಕಿಟಕಿಗೆ ಗೋಣಿಚೀಲ ಕಟ್ಟಿತ್ತು. ಗದಿಗೆಮ್ಮ ಮೂಗಿಗೆ ಸೆರಗು ಸುತ್ತಿಕೊಂಡು ತಿದಿಯ ಬಳಿ ಕುಳಿತಿದ್ದಳು.

"ಯಾರು ಕಟ್ಟಿದ್ರು ಇದನ್ನ?"

"ನಾನಽ ಕಟ್ಟೀನ್ರಿ. ಹೊಗಿ ನನಗ ರೂಢಿ ಐತಿ. ನೀವು ಹದಾ ನೋಡ್ರಿ."

ಅವನು ಉಳಿ ಕಾಯಿಸಿದ. ಬಣ್ಣ ಸ್ಪಷ್ಟವಾಗಿ ಕಂಡಿತು. ನೀರಿಗದ್ದಿ, ತುದಿ ಮಸೆದು, ಬಂಡೆಗೆ ಹೊಡೆದು ನೋಡಿದ. ಉಳಿ ಮುರಿಯಲಿಲ್ಲ. ಗದಿಗೆಮ್ಮ ನಕ್ಕಳು, ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಅವಳು ನೆಲಕ್ಕೆ ಕೈಯೂರಿದಳು.

ಬೂದೆಪ್ಪ ಎದ್ದು, ಅದೇ ಉಳಿಯಿಂದ ಗೋಣಿಯ ಹಗ್ಗ ಕೊಯ್ದ. ಬಿಸಿಲು ಒಳಗೆ ಬಿತ್ತು.

"ನಾಳಿಂದ ಬೆಳಕ ಹರಿಯೂದ್ರೊಳಗ ಹದಾ ಕೊಡೂಣು," ಎಂದ. "ಆದ್ರೂ ಉಳಿ ಮುರದ್ರ, ಇನ್ನೊಂದು ಮಾಡ್ತೀನಿ."