ಒಂದೇ ವೈರಿನ ಪೆಟ್ಟಿಗೆ

ಬಸವಪ್ರಸಾದ್ ಹುಣಸೂರಿನ ಬಜಾರ್ ರಸ್ತೆಯ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸ್ ತೆರೆದ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಅವನಿಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟಿದ್ದು ಇಲಿಗಳು. ಮಾನಿಟರಿನಿಂದ ಸಿಪಿಯು ಡಬ್ಬಕ್ಕೊಂದು ವೈರು, ಡಬ್ಬದಿಂದ ಯುಪಿಎಸ್‌ಗೊಂದು, ಸ್ಪೀಕರಿಗೊಂದು. ಮೇಜಿನ ಕೆಳಗೆ ಬಗ್ಗಿ ನೋಡಿದರೆ ಅವರೆ ಚಪ್ಪರ. ಕೆಳಗಡೆ ದಿನಸಿ ಅಂಗಡಿ. ಅಲ್ಲಿ ಹೊಟ್ಟೆ ತುಂಬಿಸಿಕೊಂಡ ಇಲಿಗಳು ಹಲ್ಲು ಮಸೆಯಲು ಮಹಡಿ ಹತ್ತುತ್ತಿದ್ದವು. ಮೂರನೆಯ ಸಲ ವೈರು ತುಂಡಾದ ದಿನ ಬಸವಪ್ರಸಾದ್ ಕಲ್ಕುಣಿಕೆಯಲ್ಲಿದ್ದ ಚೆಲುವಯ್ಯನ ಮರದ ಶೆಡ್ಡಿಗೆ ಬಂದ.

ಚೆಲುವಯ್ಯ ಟೀವಿಗಳಿಗೆ ಮರದ ಪೆಟ್ಟಿಗೆ ಮಾಡುತ್ತಿದ್ದವನು. ಎಳೆದರೆ ಪಟಪಟನೆ ಸರಿಯುವ ಶಟರು, ಅದಕ್ಕೊಂದು ಬೀಗ, ಮೇಲೆ ಹೂಜಿ ಇಡಲು ಜಾಗ. ಒಂದು ಕಾಲಕ್ಕೆ ಪಿರಿಯಾಪಟ್ಟಣದ ಹೊಗೆಸೊಪ್ಪಿನವರು ಹರಾಜು ಮುಗಿದ ವಾರವೇ ಬಂದು ಅವನ ಬಾಗಿಲಲ್ಲಿ ಕಾಯುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಟೀವಿ ಬಂತು, ಪೆಟ್ಟಿಗೆ ಯಾರಿಗೂ ಬೇಡವಾಯಿತು, ಚೆಲುವಯ್ಯ ಕಿಟಕಿ ಬಾಗಿಲಿಗೆ ಇಳಿದ. ಆ ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ. ನಾಲ್ಕು ಪಟ್ಟಿ ಸೇರಿಸಿ ಗೋಡೆಗೆ ಸಿಗಿಸುವುದೂ ಒಂದು ಕಸುಬೇ ಎಂದು ಹೋದವರ ಬಂದವರ ಮುಂದೆಲ್ಲ ಬಯ್ಯುತ್ತಿದ್ದ.

"ಚೆಲುವಣ್ಣ, ಎಲ್ಲಾನೂ ಒಂದೇ ಪೆಟ್ಟಿಗೆ ಒಳಕ್ಕೆ ಹಾಕ್ಬೇಕು. ಮಾನಿಟರು, ಬೋರ್ಡು, ಬ್ಯಾಟ್ರಿ, ಸ್ಪೀಕರು ಎಲ್ಲಾ. ಗೋಡೆಗೆ ಒಂದೇ ಒಂದು ವೈರು ಹೋಗ್ಬೇಕು. ಆಯ್ತದಾ?" ಎಂದು ಬಸವಪ್ರಸಾದ್ ಕೇಳಿದ.

"ಆಗ್ದೆ ಏನು ಮೇಷ್ಟ್ರೇ? ಟೀವಿ ಒಳಗಿರೋ ಚಿತ್ರಾನೇ ಬೀಗ ಹಾಕಿ ಕೂರ್ಸಿದ್ದೀನಿ. ಇದ್ಯಾವ ಲೆಕ್ಕ?"

ಅಂದೇ ಮಾತಾಯಿತು. ಬಸವಪ್ರಸಾದ್ ಬಿಳಿಕೆರೆಯ ಕಡೆಯವನು, ಡಿಪ್ಲೊಮಾ ಓದಿದವನು. ಕರಾರು ಬರೆಯೋಣ ಎಂದು ಕಾಗದ ತೆಗೆದ. ಚೆಲುವಯ್ಯ ಕಾಗದವನ್ನು ಮಡಿಸಿ ಅವನ ಜೇಬಿಗೇ ತುರುಕಿ, ಎರಡು ವೀಳ್ಯದೆಲೆ ಒಂದು ಅಡಿಕೆ ತರಿಸಿದ. ಎಲೆ ಕೈ ಬದಲಿಸುವಾಗ ಬಸವಪ್ರಸಾದನೇ ಆಡಿದ ಮಾತು ಇದು: "ಈ ಪೆಟ್ಟಿಗೆ ಮುಂದೆ ಯಾವ ರೂಪಕ್ಕೆ ಬಂದ್ರೂ ಸರಿ, ಮೊದಲನೇದು ಹುಟ್ಟೋದು ನಿಮ್ಮ ಶೆಡ್ಡಲ್ಲೇ ಚೆಲುವಣ್ಣ." ಚೆಲುವಯ್ಯನಿಗೆ ಅಷ್ಟು ಸಾಕಾಗಿತ್ತು. ಹಣ ಎಷ್ಟು ಎಂದು ಅವನು ಕೇಳಲೇ ಇಲ್ಲ. ಪೆಟ್ಟಿಗೆಗಳ ಕಾಲ ಮುಗಿಯಿತು ಎಂದ ಊರಿನ ಮುಂದೆ, ಇದನ್ನು ಮಾಡಿದವನು ಇವನು ಅನ್ನಿಸಿಕೊಳ್ಳುವುದು ಅವನಿಗೆ ಬೇಕಿತ್ತು.

ಮೊದಲನೆಯ ಪೆಟ್ಟಿಗೆ ಹಲಸಿನ ಹಲಗೆಯದು, ಎರಡು ಬಾಗಿಲಿನದು. ಕ್ಲಾಸಿಗೆ ಬಂದ ಹುಡುಗಿಯರು ಅದಕ್ಕೆ ದೇವರ ಗೂಡು ಎಂದು ಹೆಸರಿಟ್ಟು, ಚಪ್ಪಲಿ ಬಿಟ್ಟು ಒಳಗೆ ಬರುವ ನಾಟಕ ಮಾಡಿದರು. ಎತ್ತಲು ನಾಲ್ಕು ಜನ ಬೇಕು. ಅದೂ ಹೋಗಲಿ ಎಂದರೆ, ಅರ್ಧ ಗಂಟೆ ಓಡಿದರೆ ಒಳಗೆ ಕುದಿ ಬಂದು ತೆರೆ ನಡುಗಿ ಆರಿಹೋಗುತ್ತಿತ್ತು. ಬಸವಪ್ರಸಾದ್ ದೂರು ಹೇಳುವುದಕ್ಕೆ ಮೊದಲೇ ಚೆಲುವಯ್ಯ ಗಾಡಿ ತಂದು ಅದನ್ನು ಹೇರಿಕೊಂಡು ಹೋದ. "ಇದು ಕೆಟ್ಟ ಕೆಲ್ಸ ಕಣ್ರೀ. ನನ್ನದೇ ಆದ್ರೂ ಕೆಟ್ಟದ್ದೇ" ಎಂದು ಬೀದಿಯಲ್ಲಿ ನಿಂತೇ ಹೇಳಿದ.

ಚೆಲುವಯ್ಯನಿಗೆ ಉಪಾಯ ಹೊಳೆದದ್ದು ಬೆಟ್ಟದಪುರದಲ್ಲಿ, ಹೆಂಡತಿ ಸಿದ್ದಲಿಂಗಮ್ಮನ ತವರಿನಲ್ಲಿ. ಅಲ್ಲಿ ಭಾವಮೈದನ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯುತ್ತಿತ್ತು. ಬ್ಯಾರನ್ ಎಂದರೆ ಸೊಪ್ಪು ಒಣಗಿಸುವ ಎತ್ತರದ ಮನೆ; ಗೋಡೆಯ ಬುಡದಲ್ಲಿ ಗಾಳಿಗಂಡಿ, ನೆತ್ತಿಯಲ್ಲಿ ತೆರೆದು ಮುಚ್ಚುವ ಕಿಂಡಿ. ತಣ್ಣನೆ ಗಾಳಿ ಕೆಳಗಿಂದ ನುಗ್ಗಿ ಕಾವನ್ನು ಹೊತ್ತುಕೊಂಡು ಮೇಲಿಂದ ಹೊರಡುತ್ತದೆ. ಚೆಲುವಯ್ಯ ಊಟಕ್ಕೆ ಕರೆದರೂ ಏಳದೆ ಆ ಗಂಡಿಗಳನ್ನೇ ನೋಡುತ್ತ ಕೂತ. ಎರಡನೆಯ ಪೆಟ್ಟಿಗೆಗೆ ಎರಡೂ ಪಕ್ಕದ ಬುಡದಲ್ಲಿ ಸೀಳು ಬಿಟ್ಟ, ನೆತ್ತಿಯಲ್ಲಿ ಜಾಲರಿ ಕೂರಿಸಿದ. ಒಂದು ಊದುಬತ್ತಿ ಹಚ್ಚಿ ಬುಡದ ಸೀಳಿಗೆ ಹಿಡಿದರೆ ಹೊಗೆ ಒಳಕ್ಕೆ ಎಳೆದುಕೊಂಡು ನೆತ್ತಿಯಲ್ಲಿ ಕಾಣಿಸಿತು. ಅಂದಿನಿಂದ ಊದುಬತ್ತಿ ಹಿಡಿದು ನೋಡದೆ ಅವನು ಒಂದು ಪೆಟ್ಟಿಗೆಯನ್ನೂ ಶೆಡ್ಡಿನಿಂದ ಹೊರಗೆ ಬಿಟ್ಟವನಲ್ಲ.

ಮರುವರ್ಷ ಬಸವಪ್ರಸಾದ್ ಮೈಸೂರಿನಿಂದ ಒಂದು ಇಂಗ್ಲಿಷ್ ಪತ್ರಿಕೆ ತಂದು ತೋರಿಸಿದ. ಅಮೆರಿಕದವರು ಐಮ್ಯಾಕ್ ಎಂದು ಮಾಡಿದ್ದರು. ಅವರದೂ ಎಲ್ಲ ಒಂದರೊಳಗೇ, ನೀಲಿ ಬಣ್ಣ, ಉರುಟು ಬೆನ್ನು, ಒಳಗಿನ ಕರುಳೆಲ್ಲ ಕಾಣುವಷ್ಟು ತೆಳು ಮೈ.

"ಬೂದುಗುಂಬಳಕಾಯಿ ಇದ್ದಂಗದೆ" ಎಂದ ಚೆಲುವಯ್ಯ. ಆದರೆ ಬೆನ್ನ ಮೇಲಿದ್ದ ಹಿಡಿಯನ್ನು ಬಹಳ ಹೊತ್ತು ನೋಡಿದ. ಮುಂದಿನ ಪೆಟ್ಟಿಗೆಗೆ ಹಿಡಿ ಬಂತು. ಇನ್ನು ಮೂರು ವರ್ಷಕ್ಕೆ ಅದೇ ಅಮೆರಿಕದವರು ಕತ್ತು ಅಲ್ಲಾಡಿಸುವ ಕಂಪ್ಯೂಟರ್ ಮಾಡಿದ ಚಿತ್ರ ಬಂತು. ಕುಳ್ಳ ಮಕ್ಕಳಿಗೂ ಎತ್ತರದ ಮೇಷ್ಟ್ರಿಗೂ ಹೊಂದುವಂತೆ ಹಿಂದಕ್ಕೂ ಮುಂದಕ್ಕೂ ಬಾಗುವ ಪೀಠವನ್ನು ಚೆಲುವಯ್ಯ ಮರದ ಗೂಟದಲ್ಲೇ ಸಾಧಿಸಿದ. ಹಿಡಿಯೂ ಪೀಠವೂ ಕೂಡಿದ ಈ ಮೂರನೆಯ ಮಾದರಿ ಸಿಲ್ವರ್ ಓಕಿನದು. ಮೊದಲನೆಯದರ ಅರ್ಧ ಭಾರವೂ ಇಲ್ಲ. ಕೆ.ಆರ್. ನಗರದ ಹಾಲಿನ ಡೇರಿಗೆ, ಎಚ್.ಡಿ. ಕೋಟೆಯ ಗೊಬ್ಬರದ ಅಂಗಡಿಗೆ, ಕೊಪ್ಪದ ಟೈಪಿಂಗ್ ಕ್ಲಾಸಿಗೆ ಇಪ್ಪತ್ತರ ಮೇಲೆ ಹೋದವು. ಒಂದೇ ವೈರಿನ ಪೆಟ್ಟಿಗೆ ಎಂದರೆ ನಾಲ್ಕು ತಾಲ್ಲೂಕಿನಲ್ಲಿ ಗೊತ್ತಾಗುತ್ತಿತ್ತು. ಚೆಲುವಯ್ಯ ಬಸ್ಸಿನಲ್ಲಿ ಕೂತರೆ ಪಕ್ಕದವರಿಗೆ ಅದರ ವಿಷಯ ಹೇಳದೆ ಇಳಿಯುತ್ತಿರಲಿಲ್ಲ.

ಅವನು ಓದಿದ್ದು ಮೂರನೇ ಕ್ಲಾಸು. ಅಳತೆಯನ್ನು ಕಾಗದದ ಮೇಲೆ ಬರೆದವನಲ್ಲ. ಪ್ರತಿ ಮಾದರಿಗೂ ಒಂದು ಅಳತೆಕೋಲು. ಹಲಗೆ ಕೂರುವ ಕಡೆ ನೆಟ್ಟನೆ ಕಚ್ಚು, ಸೀಳು ಬರುವ ಕಡೆ ಓರೆ ಕಚ್ಚು, ಮೊಳೆಗೆ ಚುಕ್ಕಿ. ಬೇರೆಯವರು ನೋಡಿದರೆ ಗೆದ್ದಲು ತಿಂದ ಕಡ್ಡಿ ಅನ್ನಬೇಕು. ಅದನ್ನು ಓದಲು ಬರುತ್ತಿದ್ದುದು ಅವನಿಗೆ, ಬಿಟ್ಟರೆ ಮಗಳು ಪವಿತ್ರಾಗೆ. ಹತ್ತು ವರ್ಷದವಳಾಗಿದ್ದಾಗಿಂದ ಅವಳು ಕೋಲು ಹಿಡಿದು ಕೂಗಿ ಹೇಳುವುದು, ಅವನು ಹಲಗೆಯ ಮೇಲೆ ಗೆರೆ ಹಾಕುವುದು. ಈಗ ಅವಳಿಗೆ ಇಪ್ಪತ್ತೆರಡು. ಬಸವಪ್ರಸಾದನ ಕ್ಲಾಸಿನಲ್ಲಿ ಕಲಿತು ಅಲ್ಲೇ ಕಲಿಸುತ್ತಿದ್ದಳು. ನನ್ನ ಪೆಟ್ಟಿಗೆ ಮುಂದೆ ನನ್ನ ಮಗಳೇ ಕೂತು ಪಾಠ ಹೇಳ್ತಾಳೆ ಎಂದು ಚೆಲುವಯ್ಯ ಹಿಗ್ಗುತ್ತಿದ್ದ.

ಎರಡು ಸಾವಿರದ ಮೂರರ ದೀಪಾವಳಿಯಿಂದ ಆಚೆಗೆ ಬಸವಪ್ರಸಾದ್ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಕೇಳಿದರೆ ಪವಿತ್ರಾ, "ಮೇಷ್ಟ್ರಿಗೆ ಮೈಸೂರಲ್ಲಿ ಕೆಲ್ಸ ಕಣಪ್ಪ" ಅನ್ನುತ್ತಿದ್ದಳು. ಅವಳೂ ವಾರಕ್ಕೆರಡು ಸಲ ಮೈಸೂರಿನ ಬಸ್ಸು ಹತ್ತುತ್ತಿದ್ದಳು. ಯಾಕೆಂದು ಅವನು ಕೇಳಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ ಅವಳೇ ಒಂದು ಬಣ್ಣದ ಕಾರ್ಡು ತಂದು ಅಪ್ಪನ ಕೈಗಿಟ್ಟಳು. ಪಿರಿಯಾಪಟ್ಟಣದ ಒಂದು ಹೈಸ್ಕೂಲಿನಲ್ಲಿ ಹೊಸ ಮಾದರಿಯ ಬಿಡುಗಡೆ.

"ಹೊಸಾದಾ? ನಾನು ಮಾಡ್ದೇ ಎಲ್ಲಿಂದ ಬಂತವ್ವ?"

"ಬಾಪ್ಪ, ನೋಡೀಯಂತೆ" ಎಂದಳು, ಮುಖ ಎತ್ತದೆ.

ಪಾಪ, ಚೆಲುವಯ್ಯನಿಗೆ ತೋಚಿದ್ದೇ ಬೇರೆ. ನನಗೆ ಗೊತ್ತಾಗದಂತೆ ನನಗೇ ಸನ್ಮಾನ ಇಟ್ಟಿದ್ದಾರೆ, ನನ್ನ ಹಳೆಯ ಪೆಟ್ಟಿಗೆಗಳನ್ನೇ ಬಣ್ಣ ಬಳಿದು ಸಾಲಾಗಿಟ್ಟಿರಬೇಕು ಅಂದುಕೊಂಡ. ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ತೆಗೆಸಿ ಇಸ್ತ್ರಿ ಹಾಕಿಸಿದ. ವೇದಿಕೆಯ ಮೇಲೆ ಕರೆದರೆ ಏನು ಮಾತಾಡಬೇಕು ಎಂದು ಸಿದ್ದಲಿಂಗಮ್ಮನನ್ನು ಎರಡು ಸಲ ಕೇಳಿದ. "ಕಮ್ಮಿ ಮಾತಾಡು" ಎಂದಳು ಅವಳು.

ಹೈಸ್ಕೂಲಿನ ಹಾಲಿನಲ್ಲಿ ಹತ್ತು ಪೆಟ್ಟಿಗೆ ಸಾಲಾಗಿದ್ದವು. ಮರದವಲ್ಲ. ಮೈಸೂರಿನ ಯಾವುದೋ ಫೈಬರ್ ಶೆಡ್ಡಿನಲ್ಲಿ ಅಚ್ಚು ಹಾಕಿಸಿದ, ಕೆನೆಬಣ್ಣದ ನುಣುಪು ಮೈಯವು. ಹಿಡಿ ಅವನದೇ, ಬಾಗುವ ಪೀಠ ಅವನದೇ, ಬುಡದ ಸೀಳೂ ನೆತ್ತಿಯ ಜಾಲರಿಯೂ ಅವನದೇ. ಚೆಲುವಯ್ಯ ಮೂರನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದ. ಬಸವಪ್ರಸಾದ್ ಮೈಕಿನ ಮುಂದೆ ನಿಂತು, "ನಮ್ಮ ಸೀಮೆಯ ಹೊಗೆಸೊಪ್ಪಿನ ಬ್ಯಾರನ್ ನೋಡುತ್ತಿದ್ದಾಗ ನನಗೆ ಈ ವಿನ್ಯಾಸ ಹೊಳೆಯಿತು" ಎಂದ. ಜನ ಚಪ್ಪಾಳೆ ತಟ್ಟಿದರು. ಮರ ಎಂಬ ಮಾತಾಗಲಿ ಕಲ್ಕುಣಿಕೆ ಎಂಬ ಮಾತಾಗಲಿ ಆ ಭಾಷಣದಲ್ಲಿ ಒಂದು ಸಲವೂ ಬರಲಿಲ್ಲ. "ವಿನ್ಯಾಸಕ್ಕೆ ನೆರವಾದವರು ಕುಮಾರಿ ಪವಿತ್ರಾ" ಎಂದಾಗ ಮಗಳು ವೇದಿಕೆಯ ಮೇಲೆ ಎದ್ದು ಕೈಮುಗಿದಳು.

ಚೆಲುವಯ್ಯ ಮೊದಲು ಬೈದುಕೊಂಡದ್ದು ಬಸವಪ್ರಸಾದನನ್ನೇ. ಎಲೆ ಅಡಿಕೆ ಮುಟ್ಟಿದ ಕೈಯಲ್ಲೇ ಕತ್ತು ಕುಯ್ದ ಬೇವರ್ಸಿ; ಎದುರಿಗೆ ಪೆಟ್ಟಿಗೆ ಇಟ್ಟುಕೊಂಡು ಅಳತೆಯ ಟೇಪು ಹಿಡಿದು ಕದ್ದಿದ್ದಾನೆ. ಮಗಳದೇನು, ಸಂಬಳಕ್ಕಿರುವವಳು, ಎದ್ದು ನಿಲ್ಲು ಅಂದರೆ ನಿಂತಿದ್ದಾಳೆ. ಹೀಗೆ ಅಂದುಕೊಂಡು ಸ್ವಲ್ಪ ಉಸಿರು ಬಿಟ್ಟ.

ಪೂಜೆ ಮುಗಿದು ಜನ ಉಪ್ಪಿಟ್ಟಿನ ಕಡೆ ಹೊರಟಾಗ ಅವನು ಪೆಟ್ಟಿಗೆಗಳ ಹತ್ತಿರ ಹೋದ. ಕೈ ಸುಮ್ಮನಿರಲಿಲ್ಲ. ದೇವರ ಫೋಟೋದ ಮುಂದಿದ್ದ ಊದುಬತ್ತಿಯೊಂದನ್ನು ಕಿತ್ತುಕೊಂಡು, ಓಡುತ್ತಿದ್ದ ಪೆಟ್ಟಿಗೆಯ ಬಲಗಡೆ ಬುಡಕ್ಕೆ ಹಿಡಿದ. ಹೊಗೆ ಒಳಗೆ ಹೋಯಿತು. ಎಡಗಡೆಗೆ ಹಿಡಿದ. ಹೊಗೆ ಒಳಗೆ ಹೋಗಲಿಲ್ಲ. ಸೀಳಿಗೆ ಬಡಿದು ಹೊರಗೇ ಮೇಲೆದ್ದಿತು. ಮಂಡಿಯೂರಿ ಕಣ್ಣಿಟ್ಟು ನೋಡಿದ. ಸೀಳಿಗೆ ಅಡ್ಡಲಾಗಿ ಬೋರ್ಡು ಕೂರಿಸುವ ಹಲಗೆ ಬಂದಿತ್ತು. ಅರ್ಧ ಬೆರಳು ಕೆಳಗೆ ಕೂತಿತ್ತು.

ಆ ಅರ್ಧ ಬೆರಳು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂರನೆಯ ಮಾದರಿಯ ಕೋಲು ಕೆತ್ತುವಾಗ ಉಳಿ ಜಾರಿ ಆ ಹಲಗೆಯ ಕಚ್ಚು ಅರ್ಧ ಬೆರಳು ಕೆಳಗೆ ಬಿದ್ದಿತ್ತು. ಪಕ್ಕದಲ್ಲಿ ಇನ್ನೊಂದು ಕಚ್ಚು ಹಾಕಿದರೆ ಕೈ ಮೋಸಹೋಗುತ್ತದೆ. ಕೋಲನ್ನೇ ಎಸೆದು ಹೊಸದು ಮಾಡಬೇಕು. ಮೂರು ದಿನದ ಕೆಲಸ ಎಸೆಯಲು ಮನಸ್ಸಾಗದೆ ಹಾಗೇ ಇಟ್ಟುಕೊಂಡಿದ್ದ. ಕೆಲಸಕ್ಕೆ ಕೂತಾಗಲೆಲ್ಲ ಆ ಒಂದು ಹಲಗೆಯನ್ನು ನೆನಪಿನಿಂದಲೇ ಅರ್ಧ ಬೆರಳು ಮೇಲೆ ಕೂರಿಸುತ್ತಿದ್ದ. ಉಳಿ ಜಾರಿತು ಎಂದು ಮಗಳ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಗಿ ಅವಳಿಗೂ ಹೇಳಿರಲಿಲ್ಲ. ಮರದ ಪೆಟ್ಟಿಗೆಗಳಲ್ಲಿ ಈ ತಪ್ಪು ಒಂದರಲ್ಲೂ ಇಲ್ಲ. ಅದು ಇದ್ದದ್ದು ಕೋಲಿನಲ್ಲಿ ಮಾತ್ರ.

ಅಂದರೆ ಟೇಪು ಹಿಡಿದು ಕದ್ದದ್ದಲ್ಲ. ಕೋಲನ್ನು ಓದಿ ಬರೆದುಕೊಟ್ಟದ್ದು. ಕೋಲು ಓದಲು ಬರುವವಳು ಒಬ್ಬಳೇ.

ಬೇಲಿಯೇ ಎದ್ದು ಹೊಲ ಮೇದರೆ ಯಾರಿಗೆ ಹೇಳುವುದು? ಚೆಲುವಯ್ಯ ಎದ್ದು ನಿಲ್ಲಲು ಪೀಠ ಹಿಡಿದುಕೊಂಡ. ಬಸವಪ್ರಸಾದ್ ಮಾಡಿದ್ದು ವ್ಯಾಪಾರಸ್ಥನ ಕೆಲಸ, ಅದಕ್ಕೆ ಸಿಟ್ಟು ಬಂದಿತ್ತು. ಇದಕ್ಕೆ ಸಿಟ್ಟೂ ಬರಲಿಲ್ಲ.

ಪವಿತ್ರಾ ಎರಡು ಲೋಟ ಕಾಫಿ ಹಿಡಿದು ಬಂದಳು. ಅಪ್ಪನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು.

"ಕೋಲು ಯಾವಾಗ ತಗೊಂಡೆ?" ಎಂದ ಅವನು.

"ಆಯುಧಪೂಜೆ ದಿನ. ನೀನೂ ಅವ್ವನೂ ಬೆಟ್ಟದಪುರಕ್ಕೆ ಹೋಗಿದ್ರಲ್ಲ."

ಅಂದು ಹತಾರಗಳಿಗೆಲ್ಲ ಕುಂಕುಮ ಇಟ್ಟು ಮಲಗಿಸಿರುತ್ತಾರೆ. ಮರುದಿನ ಎಬ್ಬಿಸುವವರೆಗೆ ಕಸುಬಿನವನೂ ಮುಟ್ಟುವುದಿಲ್ಲ.

"ಪೂಜೆಗಿಟ್ಟಿದ್ದನ್ನ ತಗೊಂಡ್ಯಾ?"

"ಬೇರೆ ದಿನ ನಿನ್ನ ಕೈಲೇ ಇರ್ತಿತ್ತಲ್ಲಪ್ಪ." ಅವಳು ಒಂದು ಲೋಟ ಅವನ ಕೈಗಿಟ್ಟಳು. "ಮರದ್ದು ಅಂದ್ರೆ ಸ್ಕೂಲ್ನೋರು ತಗೊಳಲ್ಲ ಕಣಪ್ಪ. ಹೇಳಿದ್ರೆ ನೀನು ಒಪ್ತಿರ್ಲಿಲ್ಲ. ಮೇಷ್ಟ್ರು ನನ್ನ ಹೆಸರೂ ಹಾಕ್ತೀನಿ ಅಂದ್ರು. ನಿಮ್ಮಪ್ಪ ಕೇಳಿದ್ರೆ ಏನ್ ಹೇಳ್ತೀಯ ಅಂತ ಭಯ ಬಿದ್ರು. ನಮ್ಮಪ್ಪ ನನ್ನ ಯಾವತ್ತೂ ಏನೂ ಕೇಳಲ್ಲ ಸಾರ್ ಅಂದೆ."

ಚೆಲುವಯ್ಯ ಕಾಫಿಯನ್ನು ಕುಡಿಯದೆ ಕಿಟಕಿಯ ಮೇಲಿಟ್ಟ. ಹೌದು, ಅವನು ಕೇಳಿರಲಿಲ್ಲ. ಮಗಳನ್ನು ಕೇಳುವುದೇನು ಎಂದು ಸುಮ್ಮನಿದ್ದ. ಆ ಸುಮ್ಮನಿದ್ದದ್ದನ್ನೇ ಅವಳು ಲೆಕ್ಕ ಹಿಡಿದಿದ್ದಳು.

ಪವಿತ್ರಾ ಕಣ್ಣೊರೆಸಿಕೊಂಡು ಪೆಟ್ಟಿಗೆಯ ಮೇಲೆ ಕೈ ಇಟ್ಟಳು. "ಸೋಮವಾರ ಇನ್ನು ಅರವತ್ತಕ್ಕೆ ಅಚ್ಚು ಹಾಕ್ತಾರೆ. ಎಲ್ಲಾ ಸ್ಕೂಲಿಗೂ. ಮೈಸೂರಿನ ಶೆಡ್ಡಲ್ಲಿ ಅರ್ಧ ಗಂಟೆ ಓಡ್ಸಿ ನೋಡಿದ್ವಿ, ಅಷ್ಟೇಯ. ನೀನು ಊದುಬತ್ತಿ ಹಿಡ್ದಿದ್ದು ನೋಡ್ದೆ. ಬೈಯಪ್ಪ, ಎಷ್ಟು ಬೇಕಾದ್ರೂ ಬೈಯಿ. ಆದ್ರೆ ಏನಾರ ತಪ್ಪಿದ್ರೆ ಈಗ್ಲೇ ಹೇಳ್ಬುಡು. ನೀನು ಸರಿ ಅಂದ್ರೇನೇ ನಂಗೆ ಧೈರ್ಯ."

ಹಾಲಿನಲ್ಲಿ ಕುರ್ಚಿ ಮಡಿಸುವ ಸದ್ದು. ಅರ್ಧ ಗಂಟೆಗೆ ಏನೂ ಆಗುವುದಿಲ್ಲ ಎಂದು ಚೆಲುವಯ್ಯನಿಗೆ ಗೊತ್ತಿತ್ತು. ಮಾರ್ಚಿನ ಬಿಸಿಲಿನಲ್ಲಿ ಎರಡು ಗಂಟೆ ಪಾಠವಾದರೆ ಎಡಗಡೆ ಕುದಿ ಬರುತ್ತದೆ, ಬೋರ್ಡು ಸುಡುತ್ತದೆ. ಒಂದಲ್ಲ, ಎಪ್ಪತ್ತೂ. ಅರ್ಧ ಬೆರಳು ಮೇಲೆತ್ತು ಎಂದರೆ ಮುಗಿಯಿತು, ಮೂರು ಮಾತು. ಅವಳು ಚಿಕ್ಕಂದಿನಲ್ಲಿ ಕೋಲು ಹಿಡಿದು ಕೂತು ಅವನ ಬಾಯಿ ನೋಡುತ್ತಿದ್ದ ಹಾಗೆಯೇ ಈಗಲೂ ನೋಡುತ್ತಿದ್ದಳು.

"ತಪ್ಪೇನಿಲ್ಲ ಕಣವ್ವ" ಎಂದ ಚೆಲುವಯ್ಯ. "ಚೆನ್ನಾಗದೆ."

ಅವಳ ಮುಖ ಅರಳಿತು. ಅಲ್ಲೇ ಬಗ್ಗಿ ಅವನ ಕಾಲು ಮುಟ್ಟಿ, "ಮೇಷ್ಟ್ರಿಗೆ ಹೇಳ್ಬತ್ತೀನಿ" ಎಂದು ಓಡಿದಳು. ಚೆಲುವಯ್ಯ ಅವಳನ್ನು ಕೂಗಲು ಬಾಯಿ ತೆರೆದ. ಅವಳು ಬಾಗಿಲು ದಾಟುವವರೆಗೂ ಬಾಯಿ ತೆರೆದೇ ಇತ್ತು. ಅವನು ಕೂಗಲಿಲ್ಲ.