‘ಮೊದಲೇ’ ಎಂಬ ಮಾತು

ಅಣ್ಣನ ಮನೆಯೊಳಗೆ ಕಾಲಿಡುತ್ತಿದ್ದಂತೆ ಕಹಿ ಎಲೆಯೊಂದರ ಘಾಟು ಮೂಗಿಗೆ ಬಡಿಯಿತು. ತಂಗಿಗೆ ಅದು ಹೊಸದಲ್ಲ. ಪ್ರಯೋಗಾಲಯದಲ್ಲಿ ಅದೇ ಎಲೆಯನ್ನು ಅರೆದು, ಸೋಸಿ, ಸಾರ ತೆಗೆದು ವರ್ಷಗಟ್ಟಲೆ ಇಲಿಗಳಿಗೆ ಕುಡಿಸುತ್ತ ಬಂದವಳು ಅವಳೇ. ಅದೀಗ ಅಣ್ಣನ ಒಲೆಯ ಮೇಲೆ ಕುದಿಯುತ್ತಿತ್ತು.

ಅಣ್ಣ ದರ್ಜಿ. ಯಂತ್ರದ ಮುಂದೆ ಕೂತು ಕೋಟಿನ ತೋಳು ಬಿಚ್ಚುತ್ತಿದ್ದ. ಚಳಿಗಾಲದಲ್ಲಿ ಬಂದ ಜ್ವರ ಸುಮ್ಮನೆ ಹೋಗದೆ ಅವನ ಕಿಡ್ನಿಗಳಲ್ಲಿ ಉರಿಯೂತ ಬಿಟ್ಟುಹೋಗಿತ್ತು. ಅರ್ಧ ಶಕ್ತಿ ಹೋಯಿತು, ಉಳಿದರ್ಧ ಉಳಿಯಬೇಕಾದರೆ ಮಾತ್ರೆ ತಪ್ಪಿಸಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಮಾತ್ರೆಗೆ ಮುಖ ಊದಿಕೊಂಡಿತು. ‘ಏನ್ ಮಾಸ್ಟ್ರೇ, ಊಟ ಜೋರಾ’ ಎಂದು ಗಿರಾಕಿಗಳ ಕುಶಾಲು ಬೇರೆ. ಉಪ್ಪಿಲ್ಲದ ಸಪ್ಪೆ ತಿನ್ನುವವನಿಗೆ ಈ ಮಾತು ಹೇಗಿರಬೇಡ, ನೀವೇ ಹೇಳಿ.

“ಮಾತ್ರೆ ತಗೊಂಡ್ಯಾ?”

“ಮೊನ್ನೆಯಿಂದ ಬಿಟ್ಟೆ. ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಯಾಕೆ ಅಲೀಬೇಕು? ಈ ಸಾರ ಕುಡಿದ ಇಲಿಗಳ ಕಿಡ್ನಿ ಉಳೀತು ಅಂತ ನೀನೇ ಹೇಳ್ದೆಯಲ್ಲ.”

ಹೇಳಿದ್ದಳು, ನಿಜ. ಊಟಕ್ಕೆ ಕೂತಾಗ, ಗೆದ್ದ ಖುಷಿಯಲ್ಲಿ. ಆ ಖುಷಿಯಲ್ಲಿ ‘ಮೊದಲೇ’ ಎಂಬ ಒಂದು ಪುಟ್ಟ ಮಾತು ಬಾಯಿಗೆ ಬಂದಿರಲಿಲ್ಲ. ಸೋತ ಇಲಿಗಳ ಕಥೆಯನ್ನು ಊಟದ ಹೊತ್ತಿಗೆ ಯಾರು ತಾನೇ ತೆಗೆಯುತ್ತಾರೆ?

ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಅವಳಿಗೂ ಆಸೆಯಿತ್ತು. ಪ್ರಯೋಗಾಲಯದ ಫ್ರಿಜ್ ತೆರೆದಾಗಲೆಲ್ಲ ಒಂದು ಸೀಸೆ ಅಣ್ಣನಿಗೆ ಒಯ್ಯೋಣವೆಂದು ಕೈ ಮುಂದಾಗುತ್ತಿತ್ತು.

“ಅಣ್ಣಾ, ಇಲಿಗಳಿಗೆ ನಾವು ಮೊದಲೇ ಕುಡಿಸಿರ್ತೀವಿ. ಉರಿಯೂತ ಬರಿಸೋದು ಆಮೇಲೆ. ಬಂದ ಮೇಲೆ ಕೊಟ್ಟು ನೋಡಿದ್ವಿ...”

“ನೋಡಿದ್ರೆ?”

“ನೀರು ಕೊಟ್ಟ ಹಾಗೇ ಆಯ್ತು. ಅವು ಉಳೀಲಿಲ್ಲ.”

ಅಣ್ಣ ಕತ್ತರಿ ಕೆಳಗಿಟ್ಟ. ಕೋಟಿನ ಒಳಮೈಯನ್ನು ಸ್ವಲ್ಪ ಹೊತ್ತು ಸವರಿದ.

“ಅಸ್ತರು ಇದ್ದ ಹಾಗೆ ಅನ್ನು. ಹೊಲಿಯೋವಾಗ್ಲೇ ಕೊಡ್ಬೇಕು. ಹರಿದ ಮೇಲೆ ತೇಪೇನೇ ಗತಿ.”

“ಹೂಂ. ನಿನ್ನ ಮಾತ್ರೆ ಆ ತೇಪೆ. ಅದನ್ನ ಹೀಗೆ ತಟಕ್ಕಂತ ಬಿಡೋದೇ ಅಪಾಯ. ಏಳು, ಈಗ್ಲೇ ಡಾಕ್ಟರ ಹತ್ರ ಹೋಗೋಣ.”

“ತೇಪೆ ಅಂದ್ಮೇಲೆ ಒಂಚೂರು ಉಬ್ಬಿರುತ್ತೆ ಬಿಡು,” ಎಂದು ಕೆನ್ನೆ ಮುಟ್ಟಿಕೊಂಡು ನಕ್ಕ. ತಂಗಿಗೆ ನಗು ಬರಲಿಲ್ಲ.

ಒಲೆ ಆರಿಸಿ ಪಾತ್ರೆ ಎತ್ತಿದ. ಅಷ್ಟರಲ್ಲಿ ಅವನ ಮಗಳು ಶಾಲೆಯಿಂದ ಬಂದು, ಚೀಲ ಎಸೆದು, ಗಟಗಟ ನೀರು ಕುಡಿದು ಹೊರಗೆ ಓಡಿದಳು. ಪಾತ್ರೆ ಹಿಡಿದ ಅಣ್ಣ ಅವಳು ಹೋದತ್ತಲೇ ನೋಡಿದ.

“ಇವಳಿಗಿನ್ನೂ ಏನೂ ಆಗಿಲ್ಲ. ಮೊದಲೇ ಕುಡಿಸ್ಲಾ?”

ತಂಗಿ ತಲೆಯಲ್ಲಾಡಿಸಿದಳು. “ಬೇಡ. ಮನುಷ್ಯರಿಗೆ ಎಷ್ಟು ಕೊಡ್ಬೇಕು, ಕೊಟ್ರೆ ಏನಾಗುತ್ತೆ, ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.”

“ಯಾವಾಗ ಗೊತ್ತಾಗುತ್ತೆ?”

“ತುಂಬ ವರ್ಷ ಬೇಕು, ಅಣ್ಣ.”

ಅವನು ಕಷಾಯವನ್ನು ಬಚ್ಚಲಿಗೆ ಸುರಿದು ಚಪ್ಪಲಿ ಮೆಟ್ಟಿಕೊಂಡ.

“ಡಾಕ್ಟರ ಹತ್ರ ನಾನೊಬ್ನೇ ಹೋಗ್ತೀನಿ. ನೀನು ಇಲಿಗಳ ಹತ್ರ ಹೋಗು, ತಡ ಮಾಡ್ಬೇಡ.”